ಎದ್ದವ ಕಳ್ಳ

ನಲವತ್ತೆರಡು ಜನ ಅರ್ಜಿ ಹಾಕಿದ್ದರು. ಅವರಲ್ಲಿ ನನ್ನನ್ನು ಆರಿಸಿದ್ದು ನಾನು ಎಲ್ಲದರಲ್ಲೂ ಸಾಧಾರಣ ಅನ್ನುವ ಕಾರಣಕ್ಕೆ. ಇದು ನನ್ನ ಮಾತಲ್ಲ, ನೇಮಕಾತಿ ಆದೇಶದಲ್ಲೇ ಇದೆ: 'ಬೋರಲಿಂಗಯ್ಯ, ವಯಸ್ಸು ನಲವತ್ತೇಳು, ಎತ್ತರ ಸಾಧಾರಣ, ತೂಕ ಸಾಧಾರಣ, ನೋವು ಸಹಿಸುವ ಶಕ್ತಿ ಸಾಧಾರಣ.' ನನ್ನ ಹೆಂಡತಿ ತಾಯಮ್ಮ ಆ ಕಾಗದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಬಂದವರೆಲ್ಲ ಓದಿ ನಗುತ್ತಿದ್ದರು. ನಗಲಿ ಬಿಡಿ. ಸಾಧಾರಣ ಮನುಷ್ಯ ಅಂತ ಸರ್ಕಾರದ ಮೊಹರು ಒತ್ತಿಸಿಕೊಂಡವನು ಇಡೀ ರಾಜ್ಯಕ್ಕೆ ನಾನೊಬ್ಬನೇ.

ನನ್ನ ಕೆಲಸ, ವೇದಾವತಿನಗರದ ಶಾಸನಸಭೆಯಲ್ಲಿ ನೋವಿನ ರುಚಿ ನೋಡುವುದು.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಮೊದಲೆಲ್ಲ ಮಂತ್ರಿಯ ಮೇಲೆ ಲಂಚದ ಆರೋಪ ಬಂದರೆ ಆಯೋಗ ಕೂರುತ್ತಿತ್ತು. ಆಯೋಗದ ವರದಿ ಪರಿಶೀಲಿಸಲು ಇನ್ನೊಂದು ಆಯೋಗ. ಅಷ್ಟರಲ್ಲಿ ಆರೋಪಿ ಹಾರ ಹಾಕಿಸಿಕೊಂಡು, ಮೊಮ್ಮಕ್ಕಳ ಮದುವೆ ಮಾಡಿ, ಸುಖವಾಗಿ ಸಾಯುತ್ತಿದ್ದ. ಜನ ರೋಸಿಹೋಗಿದ್ದರು. ಅದೇ ಹೊತ್ತಿಗೆ ನಮ್ಮ ವಿಜ್ಞಾನಿಗಳು ಒಂದು ಬಲೆಟೋಪಿ ಮಾಡಿದರು. ಗಾಯಗೊಂಡವರ ತಲೆಗೆ ಅದನ್ನು ಹಾಕಿದರೆ ನರಗಳಿಂದ ಮಿದುಳಿಗೆ ಹೋಗುವ ನೋವಿನ ಸಂಕೇತ ಹಾಗೆಹಾಗೇ ದಾಖಲಾಗುತ್ತದೆ. ಆ ದಾಖಲೆಯನ್ನು ಇನ್ನೊಬ್ಬನ ಕತ್ತಿನ ಹಿಂದೆ ಒಂದು ಪಟ್ಟಿ ಇಟ್ಟು ಹರಿಯಬಿಟ್ಟರೆ ಅವನಿಗೂ ಅದೇ ನೋವು. ಸುಡುವುದಿಲ್ಲ, ಕೊಯ್ಯುವುದಿಲ್ಲ, ಬರೀ ನೋವು.

ಅದನ್ನಿಟ್ಟುಕೊಂಡೇ ಅನುಭವ ಕಾಯ್ದೆ ಬಂತು. ಆರೋಪ ಹೊತ್ತ ಮಂತ್ರಿ ರಾಜೀನಾಮೆ ಕೊಟ್ಟು ಮನೆಗೆ ಹೋಗಬಹುದು. ಇಲ್ಲವೇ ಸಭೆಯ ನಡುವೆ ಅನುಭವ ಪೀಠದಲ್ಲಿ ಕೂತು ಇಪ್ಪತ್ತು ನಿಮಿಷ ತನ್ನ ಸಮರ್ಥನೆ ಹೇಳಿಕೊಳ್ಳಬಹುದು. ಅವನ ಲಂಚದಿಂದ ನೊಂದವರು ಯಾರು ಅಂತ ಆರೋಪವಿದೆಯೋ ಅವರ ನೋವು ಅಷ್ಟು ಹೊತ್ತೂ ಅವನ ಮೈಯಲ್ಲಿ ಹರಿಯುತ್ತದೆ. ಗಂಟೆ ಬಾರಿಸುವವರೆಗೆ ಕೂತರೆ ಶುದ್ಧ. ಎದ್ದರೆ ಕಳ್ಳ. ಕಾಗದಪತ್ರ ಲೆಕ್ಕಕ್ಕಿಲ್ಲ, ಕಾಗದವನ್ನು ಯಾರು ಬೇಕಾದರೂ ತಿದ್ದಬಹುದು, ಮೈಯನ್ನು ತಿದ್ದೋಕಾಗಲ್ಲ ಅಂದರು. ತಪ್ಪು ಮಾಡಿದವನಿಗೆ ಅಂಜಿಕೆಯಿಂದ ನೋವು ದುಪ್ಪಟ್ಟಾಗುತ್ತೆ, ನಿರಪರಾಧಿ ತಡೆದುಕೊಳ್ಳುತ್ತಾನೆ ಅಂತ ತಜ್ಞರು ಮುನ್ನೂರು ಪುಟ ಬರೆದಿದ್ದರು. ನನಗೆ ಅರ್ಧ ಅರ್ಥವಾಯಿತು. ಪೂರ್ತಿ ನಂಬಿದೆ.

ಆದರೆ ನೋವನ್ನು ಎಷ್ಟು ಬಿಡಬೇಕು? ನೋವಿಗೆ ಸೇರು, ಪಾವು ಅಂತ ಅಳತೆಯಿಲ್ಲ. ಅದಕ್ಕೇ ನಾನು. ವಿಚಾರಣೆಯ ದಿನ ಬೆಳಗ್ಗೆ ನಾನು ಪೀಠದಲ್ಲಿ ಕೂತು ನೋವು ಏರಿಸುವ ತಿರುಗುಣಿಯನ್ನು ಸೊನ್ನೆಯಿಂದ ಮೆಲ್ಲಗೆ ತಿರುಗಿಸುತ್ತ ಹೋಗಬೇಕು. ನನ್ನ ಕಣ್ಣಲ್ಲಿ ನೀರು ಬಂದ ಜಾಗಕ್ಕೆ ನಿಲ್ಲಿಸಬೇಕು. ಸಾಧಾರಣ ಮನುಷ್ಯನಿಗೆ ಕಣ್ಣೀರು ಬರುವಷ್ಟು, ಅದೇ ಹದ. ಆಮೇಲೆ ವಹಿಯಲ್ಲಿ 'ರುಚಿ ನೋಡಲಾಗಿದೆ' ಅಂತ ಬರೆದು ಸಹಿ. ತಿರುಗುಣಿ ಎಷ್ಟರಲ್ಲಿ ನಿಂತಿತು ಅಂತ ಬರೆಯುವ ಹಾಗಿಲ್ಲ. ಒಬ್ಬೊಬ್ಬರ ದಾಖಲೆ ಒಂದೊಂದು ಥರ, ಅಂಕಿಗೆ ಅರ್ಥವಿಲ್ಲ ಅಂತ ನಿಯಮ.

ಮೊದಲ ನಾಲ್ಕು ವರ್ಷದಲ್ಲಿ ಏಳು ಜನ ಕೂತರು. ಐವರು ಗಂಟೆವರೆಗೂ ಕೂತೇ ಇದ್ದರು. ಆಮೇಲಿನ ಐದು ವರ್ಷದಲ್ಲಿ ಐದು ಜನ ಕೂತರು, ಐದೂ ಜನ ಎದ್ದರು. ಕಾಲ ಕೆಟ್ಟಿದೆ, ರಾಜಕೀಯ ಪೂರ್ತಿ ಕೊಳೆತಿದೆ ಅಂತ ಜನ ಅಂದರು. ನಾನೂ ಅಂದೆ, ಎಲ್ಲರಿಗಿಂತ ಜೋರಾಗಿಯೇ ಅಂದೆ.

ಹಣಕಾಸು ಮಂತ್ರಿ ರುದ್ರಮುನಿಯವರ ವಿಚಾರಣೆಯ ದಿನ ಬೆಳಗ್ಗೆ ತಾಯಮ್ಮ ಕಾಫಿ ತಂದಿಟ್ಟಳು. ನಾನು ಲೋಟ ಎತ್ತಿ ಗಟಗಟ ಕುಡಿದೆ.

"ಅಯ್ಯೋ, ಒಲೆ ಮೇಲಿಂದ ಈಗ ಇಳ್ಸಿದ್ದು ಕಣ್ರೀ! ಗಂಟ್ಲು ಸುಡಲ್ವಾ?"

"ಇಷ್ಟು ವರ್ಷ ಮಂದಿ ನೋವೆಲ್ಲ ಕುಡ್ದವನು ನಾನು. ನಿನ್ನ ಕಾಫಿ ಯಾವ ಲೆಕ್ಕ?"

"ನಿಮ್ಮ ಜಂಬಕ್ಕೆ ಬೆಂಕಿ ಹಾಕ. ಅಂಗೈ ನೋಡ್ಕಳ್ಳಿ, ಬೊಬ್ಬೆ ಬಂದದೆ."

ನೋಡಿದೆ. ನಿಜ, ಬೊಬ್ಬೆ ಬಂದಿತ್ತು. ಮೀಸೆ ತಿರುವಿಕೊಂಡು ಹೊರಟೆ.

ಆರೋಪ ಇಷ್ಟು. ಮುಚ್ಚಿಹೋಗಿದ್ದ ಸಕ್ಕರೆ ಕಾರ್ಖಾನೆಯೊಂದನ್ನು ಸರ್ಕಾರ ಮತ್ತೆ ತೆರೆಯಿತು. ಅದಕ್ಕೆ ಹಳೇ ಬಾಯ್ಲರಿಗೆ ಬಣ್ಣ ಬಳಿದು ಹೊಸದೆಂದು ಕೊಂಡರು. ಅರೆಯುವ ಹಂಗಾಮಿನ ಒಂಬತ್ತನೇ ದಿನ ಅದು ಸಿಡಿಯಿತು. ಹನ್ನೊಂದು ಜನ ಬೆಂದು ಸತ್ತರು. ಕ್ಯಾಂಟೀನಿನಲ್ಲಿ ಮುದ್ದೆ ತೊಳಸುತ್ತಿದ್ದ ಹೊನ್ನಮ್ಮ ಅನ್ನುವ ಹೆಂಗಸು ಹಬೆಯಲ್ಲಿ ಮುಖ, ಎದೆ, ಎರಡು ಕೈ ಬೇಯಿಸಿಕೊಂಡು ಬದುಕಿದಳು. ಬಾಯ್ಲರ್ ಕೊಳ್ಳಲು ಒಪ್ಪಿಗೆಯ ಸಹಿ ರುದ್ರಮುನಿಯವರದು, ಕಮಿಷನ್ ತಿಂದಿದ್ದಾರೆ ಅಂತ ವಿರೋಧ ಪಕ್ಷ ಎದ್ದು ನಿಂತಿತು.

ಹೊನ್ನಮ್ಮನ ನೋವಿನ ರುಚಿ ನೋಡಲು ಕೂತೆ. ತಿರುಗುಣಿ ಮೂರಕ್ಕೆ ಬಂದಾಗ ಏನೋ ಬೆಚ್ಚಗೆ. ಐದಕ್ಕೆ ಬಂದಾಗ ಮೆಣಸಿನಪುಡಿ ತಾಗಿದ ಹಾಗೆ. ಎಂಟಕ್ಕೆ ಕಣ್ಣಲ್ಲಿ ಸಣ್ಣಗೆ ನೀರಾಡಿತು. ಅಲ್ಲಿಗೆ ನಿಲ್ಲಿಸಿ ಸಹಿ ಹಾಕಿದೆ.

ಕತ್ತಿಗೆ ಪಟ್ಟಿ ಕಟ್ಟುವಾಗ ರುದ್ರಮುನಿ ತಮಾಷೆ ಮಾಡಿದರು. ಸಣಕಲು ಮನುಷ್ಯ, ರಾಜಕೀಯಕ್ಕೆ ಬರುವ ಮೊದಲು ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು.

"ಏನು ಬೋರಲಿಂಗಯ್ಯನವರೇ, ಉಪ್ಪುಖಾರ ಸರಿಯಾಗಿದೆಯಾ?"

"ಹದವಾಗಿದೆ ಸಾರ್."

"ಮೂರು ಹಾಳೆ ಓದ್ಬೇಕು. ಒಂದಕ್ಕೆ ಆರು ನಿಮಿಷ ಅಂದ್ರೂ ಹದಿನೆಂಟು. ಎರಡು ನಿಮಿಷ ಉಳೀತದೆ." ಅಂಗಿ ಜೇಬಿನಿಂದ ಕಡತದ ಹಾಳೆ ತೆಗೆದು ತೊಡೆಯ ಮೇಲೆ ಜೋಡಿಸಿಕೊಂಡರು. "ರಾಜೀನಾಮೆ ಕೊಟ್ಟು ಹೋಗಿ ಅಂದ್ರು ನಮ್ಮವರೇ. ಕೊಟ್ರೆ ಕದ್ದೆ ಅಂತ ಒಪ್ಕಂಡಂಗೆ ಆಯ್ತದಲ್ಲ? ಮೇಲೆ ಗ್ಯಾಲರೀಲಿ ಆ ತಾಯಿ ಕೂತವ್ಳೆ. ಅವಳಿಗೆ ನಾನು ಲೆಕ್ಕ ಒಪ್ಪಿಸ್ಬೇಕು."

ಯಂತ್ರವಿದ್ದ ಗಾಜಿನ ಕೋಣೆಗೆ ಹೋಗಿ ಗುಂಡಿ ಒತ್ತಿದೆ.

"ಮಾನ್ಯ ಸಭಾಧ್ಯಕ್ಷರೇ, ಈ ಬಾಯ್ಲರಿನ ಕಡತ ಮೊದಲ ಸಲ ನನ್ನ ಮೇಜಿಗೆ..." ಅಷ್ಟು ಹೇಳುವಷ್ಟರಲ್ಲಿ ಅವರ ಕತ್ತಿನ ನರಗಳು ಹಗ್ಗದ ಹಾಗೆ ಎದ್ದವು. ದವಡೆ ಕಚ್ಚಿದ ಸದ್ದು ಧ್ವನಿವರ್ಧಕದಲ್ಲಿ ಇಡೀ ಸಭೆಗೆ ಕೇಳಿತು. ಹಲ್ಲೊಂದು ಮುರಿದು ಬಿಳಿ ಅಂಗಿಯ ಮೇಲೆ ಬಿತ್ತು, ಅದರ ಹಿಂದೆಯೇ ರಕ್ತ. ಅವರು ನಾಲಿಗೆಯಿಂದ ತುಟಿ ಸವರಿಕೊಂಡು ಓದಿದರು. ಮೊದಲ ಸಲ ಬೆಲೆ ಹೆಚ್ಚಾಯಿತು ಅಂತ ಕಡತ ವಾಪಸ್ಸು ಕಳಿಸಿದೆ ಅಂದರು. ಆ ಒಂದು ಹಾಳೆಗೇ ಎಂಟು ನಿಮಿಷ ಹಿಡಿಯಿತು.

"ಏಳು! ಏಳು!" ವಿರೋಧ ಪಕ್ಷದವರು ಮೇಜು ಬಡಿಯುತ್ತ ತಾಳ ಹಾಕಿದರು. ಆಡಳಿತ ಪಕ್ಷದವರು ತಲೆ ತಗ್ಗಿಸಿ ಫೋನು ನೋಡುತ್ತ ಕೂತರು.

ಎರಡನೇ ಹಾಳೆಯ ಹೊತ್ತಿಗೆ ಅವರ ಕೈಗಳು ಪೀಠದ ಮರವನ್ನು ಪರಚುತ್ತಿದ್ದವು. ಬಲಗೈ ಹೆಬ್ಬೆರಳಿನ ಉಗುರು ಬುಡದಿಂದ ಎದ್ದು ನಿಂತಿತು. ಉಚ್ಚೆ ಪಂಚೆಯನ್ನು ತೋಯಿಸಿತು. ಯಾರೋ ನಕ್ಕರು. "ಎರಡನೇ ಸಲವೂ... ವಾಪಸ್ಸು..." ಅಂದರು. ಮಾತಿನ ನಡುವೆ ಅವರ ಗಂಟಲಿನಿಂದ ಬರುತ್ತಿದ್ದ ಸದ್ದನ್ನು ನಾನು ಬರೆಯಲಾರೆ. ಕುರಿ ಕಡಿಯುವ ಜಾಗದಲ್ಲೂ ನಾನು ಅದನ್ನು ಕೇಳಿಲ್ಲ.

ಆಗ ಗ್ಯಾಲರಿಯಲ್ಲಿ ಹೊನ್ನಮ್ಮ ಎದ್ದು ನಿಂತಳು. ಬೆಂದು ಅಂಟಿಕೊಂಡ ತುಟಿ ಬಿಡಿಸಿಕೊಂಡು ಕೂಗಿದಳು: "ನಿಲ್ಸ್ರಪ್ಪೋ! ನಂಗಾದ್ದು ಇಷ್ಟಲ್ಲ! ನಂಗೆ ಇಷ್ಟಾಗಿರ್ನಿಲ್ಲ!"

ಎಂಥ ಕರುಣೆ ಆ ಹೆಂಗಸಿಗೆ ಅಂದುಕೊಂಡೆ ನಾನು. ಮಾರ್ಷಲ್‌ಗಳು ಅವಳನ್ನು ಹೊರಗೆ ಕರೆದುಕೊಂಡು ಹೋದರು.

ಹದಿನಾಲ್ಕನೇ ನಿಮಿಷಕ್ಕೆ ರುದ್ರಮುನಿಯವರ ಮೈ ಬಿಲ್ಲಿನ ಹಾಗೆ ಬಾಗಿ ಎದ್ದುಬಿಟ್ಟಿತು. ಅವರು ಎದ್ದರು ಅಂತ ನಾನು ಹೇಳಲಾರೆ. ಎರಡು ಕೈಗಳೂ ಪೀಠವನ್ನು ಇನ್ನೂ ಹಿಡಿದುಕೊಂಡೇ ಇದ್ದವು. ಮೂರನೇ ಹಾಳೆ ತೊಡೆಯಿಂದ ಜಾರಿತು.

ಎದ್ದವರು ಮುಂಬಾಗಿಲಿನಿಂದಲೇ, ಜನರೆದುರೇ ಹೋಗಬೇಕು ಅನ್ನುವುದು ನಮ್ಮಲ್ಲಿ ಬಂದ ವಾಡಿಕೆ. ಶಾಸನಸಭೆಗೆ ಇಪ್ಪತ್ತೇಳು ಮೆಟ್ಟಿಲು. ಕೆಳಗೆ ಜನ, "ಎದ್ದವ ಕಳ್ಳ! ಎದ್ದವ ಕಳ್ಳ!" ಅಂತ. ಹಿಂದೆ ಎದ್ದವರಿಗೆ ಚಪ್ಪಲಿ, ಕೊಳೆತ ತರಕಾರಿ, ಒಬ್ಬನಿಗೆ ಮಾತ್ರ ಕಾಲು ಮುರಿಯುವಷ್ಟು ಏಟು. ಈ ಸಲ ಕಾರ್ಖಾನೆಯ ಕಡೆಯಿಂದ ಲಾರಿಗಳಲ್ಲಿ ಬಂದಿದ್ದರು, ಕಬ್ಬಿನ ಜಲ್ಲೆ ಹಿಡಿದುಕೊಂಡು. ಸತ್ತ ಹನ್ನೊಂದು ಜನರ ಅಣ್ಣತಮ್ಮಂದಿರು. ಪೊಲೀಸರು ಬಿಸಿಲಿಗೆ ಬೆನ್ನು ಮಾಡಿ ಚಹಾ ಕುಡಿಯುತ್ತಿದ್ದರು. ಏಳನೇ ಮೆಟ್ಟಿಲಿಗೆ ಮೊದಲ ಕಲ್ಲು ಹಣೆಗೆ ಬಿತ್ತು. ಅಲ್ಲಿಂದ ಉರುಳಿಕೊಂಡೇ ಇಳಿದರು. ಕೆಳಗೆ ಜಲ್ಲೆಗಳು ಏಳುವುದು, ಬೀಳುವುದು ಮಾತ್ರ ನನಗೆ ಕಿಟಕಿಯಿಂದ ಕಾಣುತ್ತಿತ್ತು. ಜಲ್ಲೆ ಸೀಳಿ ರಸ ಸಿಡಿಯಿತು. ತಲೆ ಒಡೆಯಿತು. ಎಲ್ಲ ಮುಗಿದ ಮೇಲೆ ಒಬ್ಬ ತನ್ನ ಕೈಯಲ್ಲಿದ್ದ ತುಂಡನ್ನು ಪಂಚೆಗೆ ಒರೆಸಿಕೊಂಡು ಕಚ್ಚಿ ತಿಂದ.

ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಎಲ್ಲ ಕಳ್ಳರೇ ಅಂತ ತಾಯಮ್ಮನಿಗೆ ಹೇಳಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾರನೇ ದಿನ ಪೀಠ ತೊಳೆಯಬೇಕು, ಅದೂ ನನ್ನದೇ ಕೆಲಸ. ಮರದ ಸಂದಿಯಲ್ಲಿ ಉಗುರು ಸಿಕ್ಕಿಕೊಂಡಿತ್ತು. ಅದನ್ನು ಕೀಳುವಾಗ ಪೀಠದ ಅಡಿಯಲ್ಲಿ ಮೂರನೇ ಹಾಳೆ ಕಂಡಿತು. ಓದಬಾರದಿತ್ತು, ಓದಿದೆ. 'ನಾನು ಖುದ್ದಾಗಿ ಹೋಗಿ ನೋಡಿದ್ದೇನೆ. ಇದು ಹಳೇ ಬಾಯ್ಲರ್, ಬಣ್ಣ ಹೊಸದು. ಜೀವಕ್ಕೆ ಅಪಾಯ. ಕೊಳ್ಳಕೂಡದು' ಅಂತ ಅವರ ಕೈಬರಹ, ಸಹಿ. ಅದರ ಕೆಳಗೆ ಮೂರು ವಾರ ಕಳೆದ ತಾರೀಖಿನಲ್ಲಿ 'ಒಪ್ಪಿದೆ' ಅಂತ ಒಂದೇ ಪದ, ಅಂಥದೇ ಸಹಿ. ಹಾಳೆಯ ಹಿಂದೆ ಆಸ್ಪತ್ರೆಯ ಚೀಟಿಯೊಂದನ್ನು ಪಿನ್ನಿನಿಂದ ಚುಚ್ಚಲಾಗಿತ್ತು. ಆ ಎರಡನೇ ತಾರೀಖಿನ ದಿನ ರುದ್ರಮುನಿಯವರ ಬಲಗೈ ಮುರಿದು ಬೆರಳ ತುದಿಯವರೆಗೆ ಪ್ಲಾಸ್ಟರಿನಲ್ಲಿತ್ತು.

ಹಾಗಾದರೆ ಸಹಿ ಯಾರೋ ಹಾಕಿದ್ದು. ಮನುಷ್ಯ ಕದ್ದಿರಲಿಲ್ಲ. ಕದಿಯದವನು ಎದ್ದನೇಕೆ? ಎರಡು ದಿನ ಆ ಹಾಳೆಯನ್ನು ಜೇಬಲ್ಲಿಟ್ಟುಕೊಂಡು ಓಡಾಡಿದೆ. ಯಂತ್ರ ತಪ್ಪು ಮಾಡಿರಬೇಕು ಅಂದುಕೊಂಡೆ. ನನ್ನ ಮೇಲೆ ನನಗೆ ಕಿಂಚಿತ್ತೂ ಅನುಮಾನ ಬರಲಿಲ್ಲ ನೋಡಿ, ಸಾಧಾರಣ ಮನುಷ್ಯ ನಾನು.

ಭಾನುವಾರ ಬೆಳಗ್ಗೆ ಬಚ್ಚಲಲ್ಲಿ ಎಣ್ಣೆ ಹಚ್ಚಿಕೊಂಡು ಹಂಡೆಯಿಂದ ನೀರು ತೋಡಿ ತೋಡಿ ಹೊಯ್ದುಕೊಳ್ಳುತ್ತಿದ್ದೆ. ಬೆನ್ನು ಉಜ್ಜಲು ತಾಯಮ್ಮ ಬಂದಳು. ನೀರಿನ ಹದ ನೋಡಲು ಅಂತ ಹಂಡೆಗೆ ಕೈ ಅದ್ದಿದವಳು ಚೀರಿಕೊಂಡು ಹಿಂದಕ್ಕೆ ಬಿದ್ದಳು.

"ಕುದೀತಾ ಅದೆ ಕಣ್ರೀ ನೀರು! ತಣ್ಣೀರು ಬೆರಸ್ಕಳ್ಳಿಲ್ವಾ? ಅಯ್ಯೋ, ನಿಮ್ ಬೆನ್ನು! ಚರ್ಮ ಎದ್ದೋಗದೆ!"

ಭುಜಕ್ಕೆ ಕೈ ಹಾಕಿದೆ. ಚರ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಬೆರಳಿಗೆ ಬಂತು. ನನಗೆ ಹಿತವಾಗಿ ಬೆಚ್ಚಗಿತ್ತು, ಅಷ್ಟೇ.

ಕೆಂಪಗಾದ ಅವಳ ಅಂಗೈ ನೋಡಿದೆ. ಹೊನ್ನಮ್ಮನ ಕೂಗು ಆಗ ಕಿವಿಗೆ ಬಂತು. ನಂಗೆ ಇಷ್ಟಾಗಿರ್ನಿಲ್ಲ. ಅದು ಕರುಣೆಯಾಗಿರಲಿಲ್ಲ. ಅವಳು ತನ್ನ ನೋವನ್ನು ಬಲ್ಲವಳು, ಲೆಕ್ಕ ತಪ್ಪಿದೆ ಅಂತ ಹೇಳಿದಳು. ಒಂಬತ್ತು ವರ್ಷ ನೋವಿನ ರುಚಿ ನೋಡಿ ನೋಡಿ ನನ್ನ ನರಗಳು ಸತ್ತುಹೋಗಿದ್ದವು. ಮೊದಲ ವರ್ಷ ತಿರುಗುಣಿ ಎರಡು ದಾಟುವ ಮೊದಲೇ ಅಳುತ್ತಿದ್ದ ನಾನು ಎಂಟಕ್ಕೆ ಬಂದು ನಿಂತಿದ್ದೆ. ಅದು ಎಲ್ಲೂ ಬರೆದಿರಲಿಲ್ಲ. ಬರೆದಿದ್ದು 'ರುಚಿ ನೋಡಲಾಗಿದೆ' ಅನ್ನುವ ನನ್ನ ಸಹಿ ಮಾತ್ರ. ರುದ್ರಮುನಿಯವರೂ ಸೇರಿ ಈಚಿನ ಐದು ವರ್ಷದಲ್ಲಿ ಎದ್ದ ಆರು ಜನರಲ್ಲಿ ಯಾರು ಕದ್ದಿದ್ದರು, ಯಾರು ಕದ್ದಿರಲಿಲ್ಲ, ಇನ್ನು ದೇವರೇ ಹೇಳಬೇಕು. ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತೆ. ಬೆನ್ನು ಸುಲಿದದ್ದಕ್ಕೆ ಬಾರದ ಕಣ್ಣೀರು ಆಗ ಬಂತು.

ಸಭಾಧ್ಯಕ್ಷೆ ಇಂದುಮತಿಯವರಿಗೆ ನನ್ನ ಮೇಲೆ ನಾನೇ ದೂರು ಬರೆದು ಕೊಟ್ಟೆ, ಮೂರನೇ ಹಾಳೆಯನ್ನೂ ಸೇರಿಸಿ. ಅವರು ಬಾಗಿಲು ಹಾಕಿಸಿದರು.

"ಬೋರಲಿಂಗಯ್ಯನವರೇ, ಎರಡು ವರ್ಷಕ್ಕೆ ನಿವೃತ್ತಿ ನಿಮಗೆ. ಇದನ್ನ ಹರಿದು ಹಾಕಿ ಮನೆಗೆ ಹೋಗಿ."

"ಅವರು ಕದ್ದಿರ್ಲಿಲ್ಲ ಮೇಡಂ."

"ಸತ್ತಿದ್ದಾರೆ."

"ಕಳ್ಳ ಅಂತ ಸತ್ತವ್ರೆ."

ಅವರು ದೂರನ್ನು ನನ್ನ ಕಡೆಗೆ ಸರಿಸಿದರು. "ಕಾಗದ ಸಾಕ್ಷಿಯಲ್ಲ, ನಿಮಗೇ ಗೊತ್ತು. ದೂರು ನಿಂತರೆ ನೀವೇ ಪೀಠದಲ್ಲಿ ಕೂರಬೇಕು. ಎದ್ದರೆ ನಿಮ್ಮ ತಪ್ಪು ಸಾಬೀತು, ಆ ಆರೂ ತೀರ್ಪು ರದ್ದು. ಕೂತೇ ಇದ್ದರೆ ನೀವು ಶುದ್ಧ, ಅವರು ಕಳ್ಳರೇ. ಯೋಚನೆ ಮಾಡಿ."

ಯೋಚಿಸುವಂಥದ್ದು ಏನೂ ಇರಲಿಲ್ಲ.

ಪೀಠದಲ್ಲಿ ಕೂತವರ ನೋವನ್ನೂ ಯಂತ್ರ ದಾಖಲು ಮಾಡಿಕೊಳ್ಳುತ್ತದೆ, ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ನನಗೆ ಹರಿಯಬಿಡಬೇಕಾದ್ದು ರುದ್ರಮುನಿಯವರ ಆ ಹದಿನಾಲ್ಕು ನಿಮಿಷ, ಮುಗಿದರೆ ಮತ್ತೆ ಮೊದಲಿನಿಂದ. ಹೊಸ ರುಚಿಗಾರನಾಗಿ ಒಬ್ಬ ಬಸ್ ಕಂಡಕ್ಟರನ್ನು ಆರಿಸಿದ್ದರು. ಅವನು ತಿರುಗುಣಿ ಒಂದು ದಾಟುವಷ್ಟರಲ್ಲಿ ಕಿರುಚಿ ಪೀಠದಿಂದ ಹಾರಿ ಗೋಡೆಗೆ ಡಿಕ್ಕಿ ಹೊಡೆದ. ಅದನ್ನು ಒಂದಕ್ಕೇ ನಿಲ್ಲಿಸಿ ಸಹಿ ಹಾಕಿದ.

ಸಭೆ ತುಂಬಿತ್ತು. ಗುಂಡಿ ಒತ್ತಿದರು. ನನಗೆ ಏನೂ ಆಗಲಿಲ್ಲ.

"ಅವತ್ತು ಎಂಟಕ್ಕೆ ಇಟ್ಟಿದ್ದೆ," ಅಂದೆ. "ಇವತ್ತು ಒಂದಕ್ಕೆ ಇಟ್ಟವ್ರೆ. ಎಂಟಕ್ಕೆ ಏರ್ಸಿ, ನೋಡೋಣ." ನಿಯಮದಲ್ಲಿಲ್ಲ ಅಂದರು. ನಾನು ಬೇಡಿಕೊಂಡೆ. ಯಾರೋ ಏರಿಸಲು ಸನ್ನೆ ಮಾಡಿದರು, ತಮಾಷೆ ನೋಡುವ ಆಸೆ ಎಲ್ಲ ಪಕ್ಷದವರಿಗೂ ಇರುತ್ತದಲ್ಲ. ಎರಡು, ನಾಲ್ಕು, ಎಂಟು. ರುದ್ರಮುನಿಯವರ ಹಲ್ಲು ಮುರಿದ ನೋವು ನನ್ನ ಕತ್ತಿನಲ್ಲಿ ಬೆಚ್ಚಗೆ ಹರಿಯಿತು. ಉಗುರು ಕಿತ್ತ ನೋವು ಸೊಳ್ಳೆ ಕೂತ ಹಾಗೆ ಬಂದು ಹೋಯಿತು. ಒಂದೇ ಒಂದು ಸಲ ಆ ಮನುಷ್ಯನಿಗಾದ್ದು ನನಗೂ ಆಗಲಿ ಅಂತ ಹಲ್ಲು ಕಚ್ಚಿ ಕಾದೆ. ಆಗಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾರೂ ನನಗೆ ಕೊಡಲಾರರು.

ಹತ್ತೊಂಬತ್ತು ನಿಮಿಷವಾಯಿತು. ಸದಸ್ಯರು ಆಕಳಿಸತೊಡಗಿದ್ದರು. ಮಾರ್ಷಲ್ ಗಂಟೆಯ ಹಗ್ಗ ಹಿಡಿದ. ಸಭಾಧ್ಯಕ್ಷೆ ನನ್ನನ್ನೇ ನೋಡುತ್ತಿದ್ದರು, ಕೂತಿರಿ, ಕೂತಿರಿ ಅನ್ನುವ ಹಾಗೆ.

ನಾನು ಎದ್ದು ನಿಂತೆ.

ಗದ್ದಲವೆದ್ದಿತು. "ಕೂತ್ಕೊಳ್ಳಿ! ನೋವಿನ ಗೆರೆ ಅಲ್ಲಾಡಿಲ್ಲ, ಪರದೆ ನೋಡಿ! ಸುಮ್ಮನೆ ಎದ್ದಿದ್ದಾರೆ!" ಅಂತ ವಿರೋಧ ಪಕ್ಷದ ನಾಯಕರು ಕೂಗಿದರು.

"ಗೆರೆ ಅಲ್ಲಾಡಿಲ್ಲ, ಅದನ್ನೇ ನಾನೂ ಹೇಳ್ತಿರೋದು ಸ್ವಾಮಿ," ಅಂದೆ. "ಎದ್ದೋನು ಕಳ್ಳ ಅಂತ ಕಾಯ್ದೆ ಮಾಡಿದ್ದು ನೀವು. ಎದ್ದಿದೀನಿ. ಬರ್ಕಳ್ಳಿ."

ಸಭಾಧ್ಯಕ್ಷೆ ಕಣ್ಣು ಮುಚ್ಚಿ ತೆರೆದು, ಆರು ತೀರ್ಪು ರದ್ದಾಗಿದೆ ಅಂತ ಓದಿ ಹೇಳಿದರು. ರುದ್ರಮುನಿಯವರ ಹೆಸರು ಮೊದಲು ಓದಿದರು.

ಮುಂಬಾಗಿಲಲ್ಲಿ ತಾಯಮ್ಮ ನಿಂತಿದ್ದಳು. ಬರಬೇಡ ಅಂದಿದ್ದೆ, ಕೇಳಿರಲಿಲ್ಲ. ಕೆಳಗೆ ಜನ. ಒಳಗೆ ಏನಾಯಿತು ಅಂತ ಅವರಿಗೆ ಗೊತ್ತಿಲ್ಲ, ಗೊತ್ತಾಗಿದ್ದು ಯಾರೋ ಎದ್ದ ಅನ್ನುವುದು ಮಾತ್ರ. "ಎದ್ದವ ಕಳ್ಳ!" ಅನ್ನುವ ಕೂಗು ಮೆಟ್ಟಿಲು ಹತ್ತಿ ಬರುತ್ತಿತ್ತು.

"ನೀನು ಒಳಗೇ ಇರು, ಇವಳೇ. ನನಗೇನೂ ನೋವಾಗಲ್ಲ."

"ನಿಮಗೆ ಆಗಲ್ಲ," ಅಂದಳು ತಾಯಮ್ಮ. ನನ್ನ ಕೈ ಹಿಡಿದುಕೊಂಡಳು, ಬೊಬ್ಬೆ ಇನ್ನೂ ಮಾಯದ ತನ್ನ ಅಂಗೈಯಲ್ಲಿ. ಹಿಡಿದದ್ದು ನನಗೆ ತಿಳಿಯಲಿಲ್ಲ, ನೋಡಿಯೇ ತಿಳಿದುಕೊಂಡೆ. ಇಬ್ಬರೂ ಇಳಿಯತೊಡಗಿದೆವು.

ಏಳನೇ ಮೆಟ್ಟಿಲಿನಲ್ಲಿ ರುದ್ರಮುನಿಯವರ ರಕ್ತದ ಕಲೆ ಇನ್ನೂ ಇತ್ತು. ಅದನ್ನು ತುಳಿಯದೆ ದಾಟಬೇಕು ಅಂತ ಕಾಲು ಎತ್ತಿದೆ. ಮೊದಲ ಕಲ್ಲು ನನ್ನ ತಲೆಗೆ ಬಿದ್ದದ್ದು ನನಗೆ ಗೊತ್ತಾಗಿದ್ದು ತಾಯಮ್ಮ ಚೀರಿದಾಗ.